ಕೊಸರು

ಮಾರ್ಕೆಟ್ಟಿನಿಂದ ಹೊರಟ ಬಸ್ಸು
ಚಂದಾಪುರ ದಾಟಿದ ಮೇಲೂ
ಕಾಲ ಬಳಿ ಪೆಟ್ಟಿಗೆಗಾಗಿ ತಡಕುತ್ತಿದ್ದೆ.
ಇಲ್ಲ. ನಿವೃತ್ತಿಯ ದಿನವೇ ಒಪ್ಪಿಸಿದ್ದೆನಲ್ಲ,
ಮಖಮಲ್ಲಿನ ಗುಳಿಗಳಲ್ಲಿ ಮಲಗಿದ
ಹಿತ್ತಾಳೆಯ ಬೊಟ್ಟುಗಳನ್ನು, ಕೇಜಿಯಿಂದ ಗ್ರಾಮಿನವರೆಗೆ,
ಎಣಿಸಿಕೊಟ್ಟು, ಸಹಿ ಹಾಕಿಸಿಕೊಂಡು.

ಇಪ್ಪತ್ತಾರು ವರ್ಷ ಈ ಊರಿಗೆ ಬಂದವನು
ಊರು ನೋಡಿದ್ದಿಲ್ಲ.
ನೋಡಿದ್ದು ಮುಳ್ಳು, ತಕ್ಕಡಿಯ ನಡುವೆ
ನಡುಗಿ ನಡುಗಿ ನಿಲ್ಲುವ ಒಂದು ಮುಳ್ಳು.

ಆನೆಕಲ್ಲು.
ಆಕಾಶದಿಂದ ಬೀಳುವುದಕ್ಕೂ ಅದೇ ಹೆಸರು,
ಅಂಗೈಯಲ್ಲಿ ಹಿಡಿದಷ್ಟೂ ತೂಕ ಕಳೆದುಕೊಳ್ಳುವ ಕಲ್ಲು.
ಆಫೀಸಿನಲ್ಲಿ ನಾವು ನಗುತ್ತಿದ್ದೆವು:
ಆ ಊರಿನ ಬೊಟ್ಟು ಸವೆಯದೆ ಇನ್ನೇನು ಮಾಡೀತು?

ಇವತ್ತು ಸಂತೆ.
ಬೆಲ್ಲದಂಗಡಿಯ ಸಂಪಂಗಪ್ಪ ನನ್ನನ್ನು ಕಂಡೊಡನೆ
ಅವನ ಎಡಗೈ ತಾನಾಗಿ ಗೋಣಿಯ ಕೆಳಗೆ ಹೋಯಿತು.
ಅಲ್ಲೇನೂ ಇರಲಿಲ್ಲ. ಇಬ್ಬರಿಗೂ ನಗು ಬಂತು.
‘ಈಗೆಲ್ಲಾ ಡಿಜಿಟಲ್ಲು ಸಾರ್, ಕೆಂಪಕ್ಷರದಲ್ಲಿ ಬರ್ತದೆ,
ಮೋಸ ಮಾಡಾಕೂ ಓದಿರಬೇಕು.’
ಬಾಗಿಲಿಗೆ ಒರಗಿಸಿದ್ದ ಎರಡು ಕೇಜಿ ಬೊಟ್ಟು ಎತ್ತಿ ತೋರಿಸಿದ.
ತಳದ ಸೀಸದಲ್ಲಿ ನಾನೇ ಹೊಡೆದ ಮುದ್ರೆ, ತೊಂಬತ್ತೆಂಟನೆಯ ಇಸವಿ.
‘ಗಾಳಿಗೆ ಬಾಗಿಲು ಬಡ್ಕೊಳ್ಳುತ್ತೆ, ಅದಕ್ಕೆ ಮಡಗಿದ್ದೀನಿ.’
ಆ ಕೆಲಸಕ್ಕೆ ತೂಕ ಸರಿಯಾಗಿತ್ತು.

ದೇವಾಂಗರ ಬೀದಿಯಲ್ಲಿ ಮಗ್ಗ ಕೇಳಿಸಿತು,
ಒಂದೇ ಮನೆಯಿಂದ, ಅದೂ ನಿಂತು ನಿಂತು,
ಹೋದ ಲಾಳಿ ವಾಪಸು ಬಂದೀತೋ ಇಲ್ಲವೋ ಎಂಬಂತೆ.
ಮೂಲೆಯಲ್ಲಿ ಬಾಬಾಜಾನ್ ಸಾಹೇಬರ ಹಳೇ ಕಬ್ಬಿಣದ ಗುಡ್ಡೆ;
ಪಕ್ಕದಲ್ಲಿ ಸರಪಳಿ ಕಳಚಿದ ಎರಡು ತಕ್ಕಡಿ ತಟ್ಟೆ,
ಹಕ್ಕಿಗೆಂದು ನೀರು.
ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಮ್ಮಿ.
ಸರಿಮಾಡಲು ಬಗ್ಗಿದವನು
ಚಪ್ಪಲಿ ಸರಿಮಾಡಿಕೊಂಡವನಂತೆ ಎದ್ದೆ.

ಇಲ್ಲಿ ಊರು ಮುಗಿಯುವುದು ಗೊತ್ತಾಗುವುದಿಲ್ಲ.
ಗ್ಯಾರೇಜು, ಕಲ್ಯಾಣಮಂಟಪ, ಇದ್ದಕ್ಕಿದ್ದಂತೆ ಕೆರೆ ಏರಿ.
ಏರಿಯಾಚೆ ಸುಣ್ಣ ಬಳಿದ ಗಡಿಕಲ್ಲುಗಳು,
ಮೂವತ್ತಕ್ಕೆ ನಲವತ್ತರಂತೆ.
ಈ ಕಲ್ಲುಗಳಿಗೆ ಮುದ್ರೆ ಹೊಡೆಯುವವರು ಬೇರೆ.
ನಡುವೆ ಯಾರದೋ ಹುರುಳಿ
ಸೈಟು ನಂಬರು ಕೇಳದೆ ಹಬ್ಬಿತ್ತು.

ಅದನ್ನು ದಾಟಿದರೆ ಕಣ.
ಕಣದಲ್ಲಿ ಪಿಳ್ಳಮ್ಮ, ರಾಗಿ ಅಳೆಯುತ್ತಿದ್ದಳು.
‘ಲಾಭ,’ ಎಂದು ಮೊದಲನೆಯದು ಸುರಿದಳು,
ಒಂದು ಎನ್ನಲಿಲ್ಲ. ಆಮೇಲೆ ಎರಡು, ಮೂರು.
ಅವಳ ಕೈಯಲ್ಲಿ ಬಣ್ಣದ ಡಬ್ಬ.

ಆ ಡಬ್ಬದ ಜಾಗದಲ್ಲಿ ಒಂದು ಸೇರಿತ್ತು.
ಮರದ್ದು, ಬಾಯಿಗೆ ಕಬ್ಬಿಣದ ಪಟ್ಟಿ, ಅವಳ ಅತ್ತೆಯದು.
ಸಂತೆಯಲ್ಲಿ ಹಿಡಿದು ನಾನೇ ಜಪ್ತಿ ಮಾಡಿದ್ದೆ,
ಮುದ್ರೆಯಿಲ್ಲವೆಂದು.
ಒಡೆಯುವ ಮುಂಚೆ ಅಳತೆ ನೋಡಿದೆವು:
ಕಮ್ಮಿಯಿರಲಿಲ್ಲ ಅದು.
ಒಂದು ಹಿಡಿ ಹೆಚ್ಚಿಗೆ ಹಿಡಿಯುತ್ತಿತ್ತು.
ಹೆಚ್ಚೂ ತಪ್ಪೇ, ಎಂದು ಬರೆದೆ,
ನೀಲಿ ಇಂಕಿನಲ್ಲಿ, ಮೂರು ಪ್ರತಿ.

ಅವಳು ಗುರುತು ಹಿಡಿದಳೋ ಇಲ್ಲವೋ.
‘ಅವರೇಕಾಯಿ ಬೇಕಾ ಸಾಮಿ, ಇಬ್ಬನಿಯಾಗೇ ಕಿತ್ತಿದ್ದು.’
ಅದೇ ಡಬ್ಬದಲ್ಲಿ ನಾಲ್ಕು ಅಳೆದಳು.
ಹೇಳಬೇಕೆಂದು ಬಾಯಿ ತೆರೆದೆ, ಹೆಸರು, ಇಸವಿ, ಸೇರು.
ಅಷ್ಟರಲ್ಲಿ ಅವಳು ಎರಡೂ ಕೈ ತುಂಬಿ
ಮತ್ತೊಂದು ಬೊಗಸೆ ಚೀಲಕ್ಕೆ ಹಾಕಿ
‘ಕೊಸರು’ ಎಂದಳು,
ನನ್ನ ಕಡೆ ನೋಡದೆ, ರಾಗಿಯ ಕಡೆ ತಿರುಗಿ.

ತೆರೆದ ಬಾಯಿ
ಹಾಗೇ ಸ್ವಲ್ಪ ಹೊತ್ತು ತೆರೆದೇ ಇತ್ತು.

ಸಂಜೆ ಬಸ್ಸಿನ ತುಂಬ ಸೊಗಡು.
ಚೀಲದ ದಾರ ಬೆರಳಿಗೆ ಕಡಿಯುತ್ತಿತ್ತು.
ಕಂಡಕ್ಟರು ಮೂಗೆಳೆದು, ಟಿಕೆಟ್ಟು ಹರಿಯುತ್ತ,
‘ಆನೇಕಲ್ ಅವರೆನಾ ಸಾರ್? ಎಷ್ಟು ಕೇಜಿ?’

ಗೊತ್ತಿಲ್ಲ, ಅಂದೆ.